ಮಡಿಲುಗೋಡೆ

ಬಿಳಿಕಲ್ಲುಪಾಳ್ಯದ ಕ್ರೈಸ್ತರ ಕಲ್ಲಾರೆ, ಎಂದರೆ ಸತ್ತವರನ್ನು ಮಣ್ಣು ಮಾಡುವ ಜಾಗ, ಊರಿನ ಮೂಡಣಕ್ಕೆ ರಾಗಿ ಹೊಲಗಳು ಮುಗಿದು ಕಲ್ಲುನೆಲ ಶುರುವಾಗುವ ಕಡೆ ಇದೆ. ಅದರ ಸುತ್ತ ಸೊಂಟದೆತ್ತರದ ಗೋಡೆ. ಅದಕ್ಕೆ ಗಾರೆ ಹಾಕಿಲ್ಲ, ಮಣ್ಣನ್ನೂ ಮೆತ್ತಿಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ, ಅಷ್ಟೆ. ಮೂರು ಕಡೆ ಗೋಡೆ ನೂಲು ಹಿಡಿದಷ್ಟು ನೇರವಾಗಿದೆ. ನಾಲ್ಕನೆಯ ಕಡೆ ಮಾತ್ರ ನಡುವೆ ಇದ್ದಕ್ಕಿದ್ದಂತೆ ಹೊರಕ್ಕೆ ಬಾಗಿ, ಕೂತ ಹೆಂಗಸಿನ ಮಡಿಲಿನಂತೆ ಅರ್ಧ ಸುತ್ತು ಹಾಕಿ, ಮತ್ತೆ ನೇರವಾಗುತ್ತದೆ. ಹೊಸಬರು ಅಳತೆ ತಪ್ಪಿರಬೇಕೆಂದೋ, ಅಲ್ಲೊಂದು ಮರವಿದ್ದಿರಬೇಕೆಂದೋ ಊಹಿಸುತ್ತಾರೆ. ಎರಡೂ ಅಲ್ಲ. ಆ ಬಾಗಿಗೆ ಮಡಿಲುಗೋಡೆ ಎಂದು ಹೆಸರು. ಆ ಹೆಸರು ಬಂದದ್ದು ಸವರಮ್ಮ ಎಂಬ ತಾಯಿಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಊರಿನ ಗುಡಿಗೆ, ಎಂದರೆ ಚರ್ಚಿಗೆ, ಇನ್ನೂ ಹುಲ್ಲಿನ ಚಾವಣಿಯೇ ಇದ್ದ ಕಾಲದಲ್ಲಿ, ಪಾದ್ರಿಗಳು ವರ್ಷಕ್ಕೆ ಮೂರು ಸಲ ಮಾತ್ರ ಕುದುರೆಯ ಮೇಲೆ ಬರುತ್ತಿದ್ದರು. ದೂರದೇಶದವರಾದರೂ ಕನ್ನಡ ಕಲಿತವರು. ಊರವರು ಅವರನ್ನು ಸ್ವಾಮಿಗಳು ಎನ್ನುತ್ತಿದ್ದರು. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಧರ್ಮಪಾಠ ಹೇಳುವುದು ಉಪದೇಶಿ ಇನ್ನಾಸಪ್ಪನ ಕೆಲಸ. ಸವರಮ್ಮ ಸಂಧ್ಯಾಗಪ್ಪನ ಹೆಂಡತಿ. ಅವಳ ತವರಿನವರು ಹೊಲಗಳಿಗೆ ಕಲ್ಲಿನ ಬದು ಕಟ್ಟುವವರು. ಆಷಾಢದಲ್ಲಿ ಅವಳಿಗೆ ಚೊಚ್ಚಲ ಗಂಡುಮಗು ಹುಟ್ಟಿ ಆರು ದಿನವಾಗಿದ್ದಾಗ ಸ್ವಾಮಿಗಳು ಊರಿಗೆ ಬಂದರು. ತಲೆಗೆ ನೀರು ಹೊಯ್ದು ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನವನ್ನು ಮಗುವಿಗೆ ಕೊಟ್ಟು ಹೆಸರಿಡಬಹುದಿತ್ತು. ಆದರೆ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳುವ ಜ್ಞಾನತಂದೆ ತನ್ನ ಅಣ್ಣನೇ ಆಗಬೇಕೆಂದು ಸವರಮ್ಮನ ಆಸೆ. ಅಣ್ಣ ಉಪ್ಪಿನ ಗಾಡಿ ಹೊಡೆದುಕೊಂಡು ಹೋದವನು ಬಂದಿರಲಿಲ್ಲ.

"ಮುಂದಿನ ಸಲ ಆಗಲಿ ಬಿಡಿ ಅತ್ತೆ, ಅಣ್ಣ ಬೇಜಾರು ಮಾಡ್ಕೊಂತಾನೆ," ಎಂದಳು.

"ನಿಮ್ಮಣ್ಣ ಏನು ಮೇತ್ರಾಣಿಯೇನೇ, ಅವನಿಗೋಸ್ಕರ ಕಾಯೋಕೆ?" ಎಂದಳು ಅತ್ತೆ ಜ್ಞಾನಮ್ಮ. ಮೇತ್ರಾಣಿ ಎಂದರೆ ಎಲ್ಲ ಪಾದ್ರಿಗಳಿಗೂ ಮೇಲಿನವರು. ಹೀಗೆ ಅಣಕಿಸಿದರೂ ಬಾಣಂತಿಯ ಮಾತನ್ನು ಮುರಿಯಲು ಅವಳಿಗೂ ಮನಸ್ಸಾಗಲಿಲ್ಲ. ಸ್ವಾಮಿಗಳು ಮುಂದಿನ ಊರಿಗೆ ಹೊರಟುಹೋದರು. ಮಗುವಿನ ಜೀವಕ್ಕೆ ಅಪಾಯವಾದರೆ ಮನೆಯವರೇ ಮಂತ್ರ ಹೇಳಿ ತಲೆಗೆ ನೀರು ಹೊಯ್ಯಬಹುದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅಪಾಯ ಮುನ್ಸೂಚನೆ ಕೊಡಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಎದೆಗೆ ಹಚ್ಚಲು ಎತ್ತಿಕೊಂಡಾಗ ಮಗುವಿನ ಮೈ ತಣ್ಣಗಿತ್ತು.

ಜ್ಞಾನಸ್ನಾನವಾಗದ ಮಗುವನ್ನು ಮಂತ್ರಿಸಿದ ನೆಲದಲ್ಲಿ ಮಣ್ಣು ಮಾಡುವಂತಿಲ್ಲ ಎಂಬುದು ಆಗಿನ ಕಟ್ಟಳೆ. ಆದ್ದರಿಂದ ಸಂಧ್ಯಾಗಪ್ಪ ಗೋಡೆಯ ಹೊರಗೆ, ನಾಲ್ಕು ಹೆಜ್ಜೆ ಆಚೆ ಗುಂಡಿ ತೋಡಿ ಮಗುವನ್ನು ಮಲಗಿಸಿದ. ಅಂದಿನಿಂದ ಸವರಮ್ಮ ಗುಡಿಗೆ ಹೋಗಲಿಲ್ಲ. ಮನೆಯಲ್ಲಿ ಸಂಜೆಯ ಜಪಕ್ಕೆ ಕೂತಾಗ ಅವಳ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಮಗು ಸತ್ತದ್ದಕ್ಕಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದದ್ದು ಒಂದೇ ಮಾತು: ತಾನು ಕಾಯೋಣ ಎಂದದ್ದರಿಂದ ಮಗು ದೇವರಿಗೂ ಸೇರದೆ ಬಯಲಿನಲ್ಲಿ ಒಂಟಿಯಾಯಿತು. ಬಾಣಂತನ ಮುಗಿದ ಮೇಲೆ ದಿನವೂ ಹೋಗಿ ಆ ಗುಡ್ಡೆಮಣ್ಣಿನ ಪಕ್ಕ ಕೂರುತ್ತಿದ್ದಳು.

ಒಂದು ಶುಕ್ರವಾರ ಉಪದೇಶಿ ಇನ್ನಾಸಪ್ಪ ಹೊಲದಿಂದ ಬರುತ್ತಾ ಅವಳನ್ನು ಕಂಡು ನಿಂತ. ಆತನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ, ಪಾಠ ಹೇಳಲು ಮಾತ್ರ ಬರುತ್ತಿತ್ತು. "ಬಾರವ್ವ, ಇವತ್ತು ಜಪಮಾಲೆಯಲ್ಲಿ ಶಿಲುಬೆಯ ಪಾಡು ನೆನೆಯೋ ದುಃಖದ ರಹಸ್ಯಗಳು. ಸ್ವಾಮಿಯ ಹೆಗಲಿಗೆ ಶಿಲುಬೆ ಹೊರಿಸಿ, ಪಟ್ಟಣದ ಗೋಡೆ ದಾಟಿಸಿ, ಗುಡ್ಡದ ಮೇಲೆ..." ಎಂದು ಶುರುಮಾಡಿದ.

ಸವರಮ್ಮ ತಲೆಯೆತ್ತಿದಳು. "ಗೋಡೆ ಹೊರಗೇನಾ ಉಪದೇಶಿಗಳೇ?"

"ಹೊರಗೇ ಕಣವ್ವ. ಒಳಗೆ ಸಾಯೋಕೂ ಬಿಡಲಿಲ್ಲ ಅವನನ್ನ."

"ಅವರಮ್ಮ?"

"ದೇವಮಾತೆಯೂ ಅಲ್ಲೇ ನಿಂತಿದ್ದಳು."

ಸವರಮ್ಮ ಗುಡ್ಡೆಮಣ್ಣಿನ ಮೇಲೆ ಕೈಯಿಟ್ಟಳು. "ಹಾಗಾದ್ರೆ ಇದು ಒಂಟಿಯಾಗಿಲ್ಲ," ಎಂದಳು. ಆ ಸಂಜೆ ಗುಡಿಗೆ ಹೋಗಿ ಬಾಗಿಲ ಹತ್ತಿರ ಕೂತಳು. ಉಪದೇಶಿ ಹೇಳಿದ್ದು ಹೊಸ ವಿಷಯವೇನಲ್ಲ. ಅವಳು ಚಿಕ್ಕಂದಿನಿಂದ ಕೇಳಿದ್ದೇ. ಆದರೆ ದುಃಖ ಬಂದಾಗಲೇ ಕೆಲವು ಮಾತುಗಳಿಗೆ ಕಿವಿ ತೆರೆಯುತ್ತದೆ ಎಂದು ಊರ ಹಿರಿಯರು ಇಲ್ಲಿ ಒಂದು ಕ್ಷಣ ಕತೆ ನಿಲ್ಲಿಸುತ್ತಾರೆ.

ಈಗ ಊರಿನ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಲ್ಲಾರೆಯ ಗೋಡೆ ಒಬ್ಬರದಲ್ಲ. ಪ್ರತಿ ಮನೆಗೂ ಅದರಲ್ಲಿ ಐದು ಮಾರು ಪಾಲು. ಮಳೆಗೆ ಬಿದ್ದ ಕಲ್ಲನ್ನು ಆಯಾ ಮನೆಯವರು ಸತ್ತವರ ಹಬ್ಬಕ್ಕೆ ಮೊದಲು ಎತ್ತಿ ಕಟ್ಟಬೇಕು. ಸಂಧ್ಯಾಗಪ್ಪ ಮಗುವನ್ನು ಮಲಗಿಸಿದ್ದು ತನ್ನ ಪಾಲಿನ ಎದುರಿಗೇ; ಆ ವರ್ಷ ಆ ಪಾಲು ಪೂರ್ತಿ ಕುಸಿದಿತ್ತು. ಹಬ್ಬಕ್ಕೆ ಮೂರು ದಿನವಿದ್ದಾಗ ಸವರಮ್ಮ ಸೀರೆಯನ್ನು ಎತ್ತಿ ಕಟ್ಟಿ ಒಬ್ಬಳೇ ಕೆಲಸಕ್ಕೆ ನಿಂತಳು. ಹಳೆಯ ಜಾಡಿನಲ್ಲಿ ಕಲ್ಲು ಇಡಲಿಲ್ಲ. ಹೊರಕ್ಕೆ ತಿರುಗಿಸಿ, ಮಗುವಿನ ಗುಡ್ಡೆಯನ್ನು ಬಳಸಿಕೊಂಡು ಇಟ್ಟಳು. "ಶಿಲುಬೆ ಹೊತ್ತ ಸ್ವಾಮಿ ಹೊರಗೆ ಹೋದ. ನಾವು ಒಳಗೇ ಕೂತಿದ್ದೀವಿ," ಎಂದಳಂತೆ ಗಂಡನಿಗೆ. ಅವನೂ ಕಲ್ಲು ಹೊರತೊಡಗಿದ.

ಊರ ಯಜಮಾನ ಚೌರಪ್ಪ ನೋಡಿ ಕೆರಳಿದ. "ಇದೇನಮ್ಮಾ, ಗೋಡೆಗೆ ಬಸಿರೇನು? ಹಿಂಗೆ ಹೊಟ್ಟೆ ಮುಂದೆ ಮಾಡ್ಕೊಂಡು ನಿಂತದಲ್ಲ!" ನೆರೆದವರು ನಕ್ಕರು. "ಸ್ವಾಮಿಗಳು ಬರಲಿ, ಅವರೇ ಕೆಡವಿಸ್ತಾರೆ."

ಕೆಡವಿಸುವ ಮೊದಲೇ ಇನ್ನೊಂದು ಕಷ್ಟ ಬಂತು. ನೇರ ಗೋಡೆಗೆ ಸಾಲುವ ಕಲ್ಲು ಬಾಗಿದ ಗೋಡೆಗೆ ಸಾಲದು. ಎರಡು ಮಾರು ಬಾಕಿ ಇರುವಾಗಲೇ ಕಲ್ಲು ಮುಗಿಯಿತು. ಬೇರೆಯವರ ಪಾಲಿನ ಕಲ್ಲು ಮುಟ್ಟುವಂತಿಲ್ಲ, ಸುತ್ತಲಿನ ಬಿಡಿಗಲ್ಲು ಆಗಲೇ ಆರಿಸಿ ಮುಗಿದಿತ್ತು. ಸವರಮ್ಮ ಬರಿಗೈಯಲ್ಲಿ ನಿಂತಿದ್ದಾಗ ಜ್ಞಾನಮ್ಮ ಮನೆಯಿಂದ ಒಡೆದ ಬೀಸುವ ಕಲ್ಲನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಅದನ್ನು ಕೆಳಗಿಟ್ಟು, ಗೋಡೆಯಿಂದಾಚೆ ತುಸು ದೂರದ ಒಂದು ಜಾಗಕ್ಕೆ ಕೈ ತೋರಿದಳು.

"ಅಲ್ಲಿಗಂಟ ಎಳಿಯೇ ನಿನ್ನ ಗೋಡೆನ."

"ಅಲ್ಲೇನಿದೆ ಅತ್ತೆ?"

"ಸಂಧ್ಯಾಗನಿಗಿಂತ ಮುಂಚೆ ಒಂದು ಹೆಣ್ಣು. ಮೂರು ದಿನ ಇತ್ತು," ಎಂದಳು ಜ್ಞಾನಮ್ಮ. ಸಂಧ್ಯಾಗಪ್ಪ ಆ ಮಾತನ್ನು ಕೇಳಿದ್ದು ಅದೇ ಮೊದಲು.

ಆ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬಳು ಬಟ್ಟೆ ಒಗೆಯುವ ಕಲ್ಲು ತಂದಳು, ಒಬ್ಬಳು ಒಲೆಗುಂಡು ತಂದಳು. ಪ್ರತಿಯೊಬ್ಬಳೂ ಒಂದೊಂದು ಜಾಗ ತೋರಿಸಿದಳು. ಕೊನೆಗೆ ಬಂದವಳು ಚೌರಪ್ಪನ ಹೆಂಡತಿ. ಅವಳೂ ಒಂದು ಜಾಗ ತೋರಿದಾಗ ಯಾರೂ ನಗಲಿಲ್ಲ. ಚೌರಪ್ಪ ಮುಖ ತಿರುಗಿಸಿ ನಿಂತ.

ಹಬ್ಬದ ದಿನ ಸ್ವಾಮಿಗಳು ಬಂದರು. ಗೋಡೆಯ ಒಳಮೈಯನ್ನು ಹಿಡಿದು ನಡೆಯುತ್ತಾ ತೀರ್ಥ ಚಿಮುಕಿಸುವುದು ಪದ್ಧತಿ. ಬಾಗಿನ ಹತ್ತಿರ ಬಂದಾಗ ಊರೆಲ್ಲ ಅವರ ಹೆಜ್ಜೆಯನ್ನೇ ನೋಡಿತು. ನೇರ ದಾಟಿಹೋದರೆ ಮಕ್ಕಳು ಹೊರಗೇ ಉಳಿದಂತೆ.

ಸ್ವಾಮಿಗಳು ನಿಂತರು. "ಅದು ಹೊರಗಿನ ಜಾಗ ಸ್ವಾಮಿ," ಎಂದ ಚೌರಪ್ಪ. ಆದರೆ ದನಿಯಲ್ಲಿ ಜೋರಿರಲಿಲ್ಲ.

"ಗೋಡೆ ಎಲ್ಲಿದೆ ಚೌರಪ್ಪ?"

"ಅಗೋ, ಅಲ್ಲಿ."

"ಹಾಗಾದರೆ ನಾನು ಇನ್ನೂ ಒಳಗೇ ಇದ್ದೇನೆ," ಎಂದು ಸ್ವಾಮಿಗಳು ಬಾಗಿನುದ್ದಕ್ಕೂ ನಿಧಾನವಾಗಿ ನಡೆದರು.

ಸವರಮ್ಮ ಅವರ ಕಾಲಿಗೆ ಬಿದ್ದು, "ನನ್ನ ಮಗು ಎಲ್ಲಿದೆ ಸ್ವಾಮಿ?" ಎಂದಳು. ಅವರು ಗ್ರಂಥ ತೆರೆಯಲಿಲ್ಲ. "ನಾನು ನೋಡಿಲ್ಲ ತಾಯಿ. ಆದರೆ ಅದನ್ನು ಹುಟ್ಟಿಸಿದವನ ಪ್ರೀತಿ ನಿನ್ನ ಪ್ರೀತಿಗಿಂತ ಕಡಿಮೆಯಿರಲಾರದು. ಅಷ್ಟನ್ನು ನಂಬಿ ನಾನೂ ಸಾಯುತ್ತೇನೆ," ಎಂದರು. ಆಮೇಲೆ ಎಲ್ಲರೂ ಪರಲೋಕದ ತಂದೆಯನ್ನು ಬೇಡುವ ಪರಲೋಕ ಮಂತ್ರ ಹೇಳಿದರು. ಸವರಮ್ಮನ ದನಿ ಎಲ್ಲರಿಗೂ ಕೇಳಿಸಿತು, ಕೊನೆಯ ಮಾತಿನವರೆಗೂ ನಿಲ್ಲಲಿಲ್ಲ ಎನ್ನುತ್ತಾರೆ.

ಇಂದು ಆ ಗುಡ್ಡೆಗಳು ಮಳೆಗೆ ಕರಗಿ ನೆಲಸಮವಾಗಿವೆ. ಬಾಗಿನ ಗೋಡೆಯಲ್ಲಿ ಒಲೆಗುಂಡು, ಒಗೆಯುವ ಕಲ್ಲು, ಅರ್ಧ ಬೀಸುವ ಕಲ್ಲು ಈಗಲೂ ಕಾಣುತ್ತವೆ. ಸತ್ತವರ ಹಬ್ಬದಂದು ಊರವರು ತಮ್ಮ ಹಿರಿಯರ ಸಮಾಧಿಗೆ ಹೋಗುವ ಮೊದಲು ಇಲ್ಲಿಗೆ ಬಂದು ಮೇಣದಬತ್ತಿ ಹಚ್ಚುತ್ತಾರೆ. ಯಾರಿಗಾಗಿ ಹಚ್ಚಿದೆವೆಂದು ಹೆಸರು ಹೇಳಿ ಹಚ್ಚುವುದು ಕ್ರಮ. ಇಲ್ಲಿರುವ ಮಕ್ಕಳಿಗೆ ಹೆಸರಿಟ್ಟಿರಲಿಲ್ಲ. ಆದ್ದರಿಂದ ಹಚ್ಚುವವರು ತಮ್ಮ ತಮ್ಮ ಹೆಸರನ್ನೇ ಆ ಮಕ್ಕಳಿಗೆ ಕೊಟ್ಟು ಹೇಳುತ್ತಾರೆ.