ಆಮೆ ಬೆನ್ನಿನ ಬಾಡಿಗೆ

ಕೆರೆದಂಡೆಯಲ್ಲೊಂದು ಆಮೆಯಿತ್ತು. ನಂಬದಿದ್ದರೆ ಅದನ್ನೇ ಕೇಳಿ, ನಿಧಾನವಾಗಿ ಹೇಳುತ್ತದೆ. ಮರಿಗಳ ಹೊಟ್ಟೆ ತುಂಬಿಸಲು ಒದ್ದಾಡುತ್ತಿದ್ದ ಕೋತಿ ಮಂಗವ್ವ ದಿನವೂ ಕಾಡುಬಾದಾಮಿ ತಂದು ಅದರ ಬೆನ್ನಿಗೆ ಕುಕ್ಕಿ ಒಡೆಯುತ್ತಿದ್ದಳು.

“ಬೆನ್ನು ನನ್ನದು. ಅರ್ಧ ತಿರುಳು ಇಡು,” ಎಂದಿತು ಆಮೆ.

“ಮರ ಹತ್ತಿದವಳು, ಕಿತ್ತವಳು, ಒಡೆದವಳು ನಾನು! ನೀನೇನು ಮಾಡಿದೆಯಪ್ಪ?”

“ಬಂಡವಾಳ ಹೂಡಿದ್ದೇನೆ. ಅದು ಕೂತೇ ದುಡಿಯುತ್ತದೆ.”

ಅಷ್ಟರಲ್ಲಿ ಇನ್ನೊಂದು ಆಮೆ ಬಂದು, “ನನಗೆ ಕಾಲುಭಾಗ ಸಾಕವ್ವ!” ಎಂದಿತು. “ನನಗೆ ಅರೆಕಾಲು!” ಎಂದು ಮೊದಲನೆಯದು ಕೂಗಿತು. ಮಂಗವ್ವ ಆ ಬೆನ್ನಿಂದ ಈ ಬೆನ್ನಿಗೆ ಕುಣಿದಳು. ಮರಿಗಳ ಹೊಟ್ಟೆ ತುಂಬಿತು. ಮೂರನೆಯ ದಿನ ಆಮೆಗಳೆರಡೂ ಪಿಸುಪಿಸು ಮಾತಾಡಿಕೊಂಡು, “ಇನ್ನು ಯಾರ ಬೆನ್ನಾದರೂ ಮುಕ್ಕಾಲು,” ಎಂದವು.

“ನಿಮ್ಮ ಬೆನ್ನೇ ಬೇಡ, ಹೋಗಿ!” ಎಂದು ಮಂಗವ್ವ ಆಚೆಯ ಬಂಡೆಯತ್ತ ಹೊರಟಳು. ದಾರಿಯಲ್ಲಿ ಮರಿಗಳ ಹೇನು ಹೆಕ್ಕುತ್ತ ಕೂತಳು. ಅಷ್ಟರಲ್ಲಿ ಆಮೆಗಳು ಬಂಡೆಯೇರಿ ಕುಳಿತಿದ್ದವು.

“ಬಂಡೆಯೂ ನಮ್ಮದೇ.”

“ಯಾವಾಗಿನಿಂದ?”

“ಕುಳಿತಾಗಿನಿಂದ.”

“ಓಹೋ, ಕಾನೂನು ಇಷ್ಟೇ ಏನು?” ಎಂದ ಮಂಗವ್ವ ಒಂದು ಆಮೆಯ ಮೇಲೆ ತಾನು ಕುಳಿತಳು, ಇನ್ನೊಂದರ ಮೇಲೆ ಮರಿಗಳನ್ನು ಕೂರಿಸಿದಳು. “ಹಾಗಾದರೆ ಆಮೆಗಳೂ ನಮ್ಮವೇ. ಅಲ್ಲಾಡಬೇಡಿ, ಬಾದಾಮಿ ಒಡೆಯಬೇಕು.”