ಕಾಗೆಯಿಲ್ಲದ ಬಯಲಿನಲ್ಲಿ ಕಾಗೆಯ ತುತ್ತು

"ಗುರುಗಳೇ, ನಿನ್ನೆ ಧ್ಯಾನದಲ್ಲಿ ದೇವರ ದನಿ ಕೇಳಿಸಿತು. ಈ ಮಠದಲ್ಲಿ ನಿನ್ನಂಥ ಶಿಷ್ಯ ಇನ್ನೊಬ್ಬನಿಲ್ಲ ಎಂದಿತು. ಅದು ದೇವರದೇ ದನಿ ಎಂದು ಉಳಿದವರನ್ನು ಹೇಗೆ ನಂಬಿಸಲಿ?" ಎಂದು ಚೆನ್ನವೀರ ಕೇಳಿದ.

ನಂಬಿಸುವುದು ಆಮೇಲಾಯಿತು, ಮೊದಲು ಈ ಕತೆ ಕೇಳು ಎಂದರು ಗುರುಗಳು.

ಕಲ್ಲು ಮಣ್ಣು ಓದಿದ ಒಬ್ಬ ವಿಜ್ಞಾನಿ ಇದ್ದಳಂತೆ. ಅವಳ ಜೀವವೆಲ್ಲ ಮಂಗಳ ಗ್ರಹದ ಮೇಲೆ. ಅಲ್ಲಿಗೆ ಹೋಗಲು ದಾರಿ ಇಲ್ಲವಲ್ಲ, ಅದಕ್ಕೆ ಭೂಮಿಯ ಮೇಲೇ ಮಂಗಳದಂಥ ಒಂದು ಜಾಗ ಹುಡುಕಿಕೊಂಡಳು. ಉಪ್ಪಿನ ಬಯಲು. ಮಳೆಯಿಲ್ಲ, ಹುಲ್ಲಿಲ್ಲ, ಇರುವೆಯಿಲ್ಲ, ಕಾಗೆಯೂ ಇಲ್ಲ. ಇಂಥಲ್ಲೂ ಕಲ್ಲಿನಡಿ ಬರಿಗಣ್ಣಿಗೆ ಕಾಣದ ಸಣ್ಣ ಜೀವ ಅಡಗಿದ್ದರೆ ಮಂಗಳದಲ್ಲಿ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ ಎಂಬುದು ಅವಳ ಲೆಕ್ಕ. ವರ್ಷ ವರ್ಷ ಹೋದಳು, ಬರಿಗೈಯಲ್ಲಿ ಬಂದಳು. ಈ ಸಲವೂ ಏನೂ ಸಿಗದಿದ್ದರೆ ಇನ್ನು ಕಳಿಸುವುದಿಲ್ಲ ಎಂದುಬಿಟ್ಟರು ಮೇಲಿನವರು.

ಅವಳ ಮಡಿ ಎಂದರೆ ಮಡಿ. ತಮ್ಮ ಮೈಯ ಜೀವ ಮಣ್ಣಿಗೆ ಹತ್ತಬಾರದಲ್ಲ! ಕೈಗೆ ಗವಸು, ಬಾಯಿಗೆ ಬಟ್ಟೆ. ಮಣ್ಣು ಕೆರೆಯುವ ಚಮಚವನ್ನೂ ಬೆಂಕಿಗೆ ಹಿಡಿಯಬೇಕು. ಕೆಲಸಕ್ಕೆಂದು ಕರೆತಂದ ಜೊತೆಗಾತಿಗೆ ಕೆಮ್ಮು ಬಂದರೆ ದೂರ ಓಡಿಹೋಗಿ ಕೆಮ್ಮಬೇಕು.

ಕೊನೆಗೊಂದು ದಿನ ಒಂದು ಚಪ್ಪಟೆ ಕಲ್ಲಿನಡಿಯ ಮಣ್ಣಿನಲ್ಲಿ ಜೀವ ಸಿಕ್ಕಿತು. ಒಂದೆರಡಲ್ಲ, ಸಂತೆ ನೆರೆದ ಹಾಗೆ. ಆ ಉಪ್ಪಿನ ಮೇಲೇ ಕುಣಿದಳು. ಮೇಲಿನವರಿಗೆ ಸುದ್ದಿ ಕಳಿಸಲು ಕೂತಳು.

"ಅಲ್ಲಕ್ಕಾ, ಇಷ್ಟು ದೊಡ್ಡ ಬಯಲು ಬಿಟ್ಟು ಅದೊಂದೇ ಕಲ್ಲಿನಡಿ ಯಾಕೆ? ಯಾವ ಕಲ್ಲು ಅದು?" ಎಂದಳು ಜೊತೆಗಾತಿ.

"ಅದೇ ಕಣೇ, ದಿನಾ ಊಟಕ್ಕೆ ಮುಂಚೆ ನಾನು ಕಾಗೆಗೆ ಒಂದು ತುತ್ತು ಮೊಸರನ್ನ ಇಡ್ತೀನಲ್ಲ..." ಎಂದವಳು ಅಲ್ಲಿಗೇ ನಿಂತಳು.

ತಾಯಿ ಕಲಿಸಿದ ರೂಢಿ. ಅಲ್ಲಿ ಕಾಗೆ ಇಲ್ಲವೆಂದು ತಲೆಗೆ ಗೊತ್ತು, ಕೈಗೆ ಗೊತ್ತಾಗಬೇಕಲ್ಲ. ಮಣ್ಣನ್ನು ಮೂಗಿನ ಹತ್ತಿರ ಹಿಡಿದಳು. ಹುಳಿ ವಾಸನೆ.

ಜೊತೆಗಾತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವಳಿಗೆ ಅಳು. ಯಾರಿಗೆ ತಿಳಿಯುತ್ತದೆ, ಸುಮ್ಮನಿದ್ದುಬಿಡಲೇ ಎಂದೂ ಅನ್ನಿಸಿತು. ಆಮೇಲೆ ಕಣ್ಣೊರೆಸಿಕೊಂಡು, ಸಿಕ್ಕಿದ್ದು ನನ್ನದೇ ಮೊಸರು ಎಂದು ತಿಳಿಸಿದಳು. ಮೇಲಿನವರೂ ನಕ್ಕರು. ತನ್ನ ಮೊಸರನ್ನು ಮೊಸರೆಂದು ಒಪ್ಪುವವಳು ಸಿಗುವುದು ಕಷ್ಟ ಎಂದು ಮುಂದಿನ ವರ್ಷವೂ ಅವಳನ್ನೇ ಕಳಿಸಿದರು, ಬುತ್ತಿಗೆ ಬರೀ ಒಣ ಅವಲಕ್ಕಿ ಎಂಬ ಕರಾರಿನ ಮೇಲೆ.

ಕತೆ ಕೇಳಿ ಚೆನ್ನವೀರನೂ ನಗುತ್ತಿದ್ದ. ಗುರುಗಳು ಅವನ ಬೆನ್ನು ಸವರಿ ಕೇಳಿದರು:

"ನಿನ್ನ ದೇವರ ದನಿಯನ್ನು ಒಂದು ಸಲ ಮೂಸಿ ನೋಡಿದೆಯೇನಪ್ಪಾ?"