ಆಗಲಿ ಅನ್ನುವ ದೊರೆ, ನೋಡೋಣ ಅನ್ನುವ ಪ್ರಧಾನಿ

ನಮ್ಮ ಮುತ್ತಾತ ದೊರೆಗೆ ಕೊಡೆ ಹಿಡಿಯುತ್ತಿದ್ದವನು. ಆ ದೊರೆಯ ಮೀಸೆಯ ಎರಡು ತುದಿಗೆ ಎರಡು ಗಿಳಿ ಕೂರುತ್ತಿದ್ದವು. ಇದು ಮುತ್ತಾತ ಕಣ್ಣಾರೆ ಕಂಡದ್ದು. ಸುಳ್ಳು ಅನ್ನಿಸಿದರೆ ಆ ಗಿಳಿಗಳನ್ನೇ ಕೇಳಿ.

ಕೆಂಗಲ್ಲುಗಿರಿಯ ದೊರೆ ಭುಜಬಲರಾಯ ಬಾಯಿ ತೆರೆದರೆ ಒಂದೇ ಮಾತು: "ಆಗಲಿ." ಯಾರು ಏನು ಬೇಡಿದರೂ ಆಗಲಿ. ಅವನ ಪ್ರಧಾನಿ ಸೋವಣ್ಣನದೂ ಒಂದೇ ಮಾತು: "ನೋಡೋಣ."

ಒಂದು ಬೆಳಗ್ಗೆ ತುಂಬಿದ ಸಭೆಯಲ್ಲಿ ದೊರೆ ಕೆರಳಿದ.

"ಸೋವಣ್ಣ, ನಾನು ಆಗಲಿ ಅಂದರೆ ಮುಗೀತು. ನಡುವೆ ನೀನ್ಯಾಕೆ? ನೋಡೋದಕ್ಕೆ ನನಗೇ ಎರಡು ಕಣ್ಣಿವೆ. ನಿನ್ನಿಂದ ಏನು ಉಪಯೋಗ ಅಂತ ಸಂಜೆಯೊಳಗೆ ತೋರಿಸು. ಇಲ್ಲದಿದ್ದರೆ ಮುದ್ರೆಯುಂಗುರ ಬಿಚ್ಚಿಟ್ಟು ಎಮ್ಮೆ ಕಾಯೋದಕ್ಕೆ ಹೋಗು."

"ಆಯ್ತು ಒಡೆಯಾ. ಸಂಜೆವರೆಗೆ ನಾನು ನೋಡೋಣ ಅನ್ನೋದಿಲ್ಲ. ನೀವು ಆಗಲಿ ಅಂದದ್ದನ್ನ ಅಂದ ಹಾಗೇ ನಡೆಸ್ತೀನಿ."

ಮೊದಲು ಗಾಣದ ಮಾರಶೆಟ್ಟಿ ಬಂದ. "ಬುದ್ಧೀ, ನನ್ನ ಗಾಣದ ಎತ್ತು ಮಲಗಿಬಿಟ್ಟಿದೆ. ಪಟ್ಟದಾನೆ ಕಳಿಸಿಕೊಡಿ."

"ಆಗಲಿ."

ಆನೆಯನ್ನು ಗಾಣಕ್ಕೆ ಕಟ್ಟಿದರು. ಅದು ಒಂದು ಸುತ್ತು ಹಾಕಿತು ನೋಡಿ, ಗಾಣ ಸುತ್ತಿತು, ಗಾಣದ ಜೊತೆ ಬೀದಿ ಸುತ್ತಿತು, ಮೂಡಲ ಬಾಗಿಲಿನ ಮನೆಗಳೆಲ್ಲ ಪಡುವಲಿಗೆ ತಿರುಗಿಕೊಂಡವು. ಮಧ್ಯಾಹ್ನ ಊಟಕ್ಕೆ ಬಂದ ಗಂಡಸರೆಲ್ಲ ಪಕ್ಕದ ಮನೆಗೆ ಹೊಕ್ಕು ಬೈಸಿಕೊಂಡರು.

ಆಮೇಲೆ ರಾಣಿಯ ತಮ್ಮ ಬಂದ. "ಭಾವ, ದಳವಾಯಿ ಪಟ್ಟ ನನಗೆ ಬೇಕು."

"ಆಗಲಿ."

ಹಳೇ ದಳವಾಯಿ ಓಡಿ ಬಂದ. "ನನ್ನ ತೆಗೀಬೇಡಿ ಬುದ್ಧೀ."

"ಆಗಲಿ."

ಒಬ್ಬ ಎಡಕ್ಕೆ ಅಂದ, ಇನ್ನೊಬ್ಬ ಬಲಕ್ಕೆ ಅಂದ. ದಂಡು ನಿಂತಲ್ಲೇ ಗಿರಗಿರ ತಿರುಗಿ ತಲೆಸುತ್ತಿ ಬಿತ್ತು. ದೊರೆಯ ಹಣೆ ಬೆವರಿತು. ಮೀಸೆ ಮಾತ್ರ ಇಳಿಯಲಿಲ್ಲ.

ಹೊತ್ತು ಇಳಿಯುವಾಗ ಹಲ್ಲಿಲ್ಲದ ಮುದುಕಿ ಗಿಡ್ಡವ್ವ ಕೋಲೂರಿಕೊಂಡು ಬಂದಳು. "ನನಗೆ ಯಾರೂ ದಿಕ್ಕಿಲ್ಲ ಒಡೆಯಾ. ನೀವೇ ಕೈ ಹಿಡೀಬೇಕು."

"ಆಗಲಿ."

ಸೋವಣ್ಣ ತಿರುಗಿ ಕೂಗಿದ. "ಪುರೋಹಿತರೇ, ಮುಹೂರ್ತ ತೆಗೀರಿ. ಒಡೆಯರು ಅಜ್ಜಿಯ ಕೈ ಹಿಡೀತಾರಂತೆ. ವಾಲಗದವರು ಎಲ್ಲಿ?"

"ಲೋ, ನಾನು ಅಂದದ್ದು ಹಾಗಲ್ಲ."

"ಅಂದ ಹಾಗೇ ನಡೆಸ್ತೀನಿ ಅಂತ ಮಾತಾಗಿದೆ ಒಡೆಯಾ."

ಗಿಡ್ಡವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡು ನಾಚಿದಳು. ತೆರೆಯ ಹಿಂದೆ ರಾಣಿಯ ಬಳೆ ಝಲ್ಲೆಂದಿತು.

ದೊರೆ ಸಿಂಹಾಸನದಿಂದ ಬಗ್ಗಿ ಪಿಸುಗುಟ್ಟಿದ. "ಸೋವಣ್ಣ, ನಿಂದೊಂದು ಮಾತಿತ್ತಲ್ಲ, ಅದನ್ನ ಅನ್ನು ಮಾರಾಯ."

"ಯಾವ ಮಾತು ಒಡೆಯಾ?"

"ಅದೇ ಕಣೋ, ನೋಡೋಣ."

ಸೋವಣ್ಣ ಮುದುಕಿಯ ಕಡೆ ತಿರುಗಿದ. "ಅಜ್ಜೀ, ಮದುವೆ ವಿಚಾರ ನೋಡೋಣ."

"ನೋಡೋಣ ಅಂದ್ಮೇಲೆ ಆದ ಹಾಗೇ ಇದೆ," ಅಂತ ಗಿಡ್ಡವ್ವ ಕೋಲೂರಿಕೊಂಡು ಹೊರಟಳು. ಅವಳು ಸೋವಣ್ಣನ ಸೋದರತ್ತೆ ಅನ್ನೋದು ಇಡೀ ಸಭೆಯಲ್ಲಿ ನಮ್ಮ ಮುತ್ತಾತನಿಗೆ ಮಾತ್ರ ಗೊತ್ತಿತ್ತು.

ದೊರೆ ಉಸಿರು ಬಿಟ್ಟ. "ಇನ್ನು ನಾನೂ ನೋಡೋಣ ಅಂತೀನಪ್ಪ."

"ಬೇಡ ಒಡೆಯಾ. ನೀವು ಆಗಲಿ ಅನ್ನಿ, ಜನ ಹರಸಲಿ. ನಾನು ನೋಡೋಣ ಅಂತೀನಿ, ಜನ ಬೈಯಲಿ. ಬೈಸಿಕೊಳ್ಳೋದಕ್ಕೇ ಅಲ್ವೇ ಪ್ರಧಾನಿ ಇರೋದು?"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಉಂಗುರ ನಿನ್ನ ಬೆರಳಲ್ಲೇ ಇರಲಿ. ಜೊತೆಗೆ ಒಂದು ಊರು ಉಂಬಳಿ ಕೊಡ್ತೀನಿ. ಏನಂತೀಯ?"

ಸೋವಣ್ಣ ಕೈಮುಗಿದು, ಹುಟ್ಟಿದ ಮೇಲೆ ಮೊದಲ ಸಲ ಆ ಮಾತು ಅಂದ.

"ಆಗಲಿ."